ಹಾಲಿಗಿಲ್ಲ, ಮೊಸರಿಗುಂಟು

2025ರ ಜುಲೈ ನಿಮಗೂ ನೆನಪಿರಬಹುದು. ಯುಪಿಐನಲ್ಲಿ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋಗಿತ್ತು. ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ಬಾಕಿ ಅಂತ ಟೀವಿ ತುಂಬಾ ಅದೇ ಸುದ್ದಿ. ಮಂಡ್ಯದ ನಮ್ಮ ಬೀದಿಯ ಹಾಲಿನಂಗಡಿಯವರಿಗೆ ನೋಟಿಸೇನೂ ಬಂದಿರಲಿಲ್ಲ. ಆದರೂ ಒಂದು ಭಾನುವಾರ ಬೆಳಿಗ್ಗೆ ಕ್ಯೂಆರ್ ಕೋಡಿನ ಸ್ಟಿಕ್ಕರ್ ಕಿತ್ತು ಹಾಕಿ, ‘ಚಿಲ್ಲರೆ ಕೊಡಿ’ ಅಂತ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದರು.

ನಾನು ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವಳು. ಬೀದಿಯವರ ಕಣ್ಣಿಗೆ ಅದೇ ದೊಡ್ಡ ವಿದ್ಯೆ. “ಅಕ್ಕ, ನೀವು ಜಿಎಸ್‌ಟಿ ಎಲ್ಲ ನೋಡ್ತೀರಲ್ಲ, ನಂದೂ ಒಸಿ ನೋಡಿ. ನಮ್ಗೂ ಬಂದ್ಬುಟ್ರೆ ಏನ್ ಮಾಡದು?” ಅಂದರು. ಮಧ್ಯಾಹ್ನ ಪಾಸ್‌ಬುಕ್ ಹಿಡಿದು ಬನ್ನಿ ಅಂದೆ.

ಅಂಗಡಿ ಮುಂದಿನ ಕಲ್ಲುಬೆಂಚಿನ ಮೇಲೆ ಆಗಲೇ ಸಭೆ ಸೇರಿತ್ತು. ಒಬ್ಬರು ಇದೆಲ್ಲ ಡೆಲ್ಲಿಯವರ ಕೆಲಸ, ಜಿಎಸ್‌ಟಿ ತಂದವರು ಯಾರು ಅಂತ ಜೋರು ಮಾಡುತ್ತಿದ್ದರು. ಇನ್ನೊಬ್ಬರು ನೋಟಿಸ್ ಕಳಿಸಿದ್ದು ಬೆಂಗಳೂರಿನವರು, ಬೇರೆ ರಾಜ್ಯದಲ್ಲಿ ಯಾಕಿಲ್ಲ ಅಂತ ತಿರುಗಿಸಿ ಕೇಳುತ್ತಿದ್ದರು. ನಮ್ಮೂರಲ್ಲಿ ಈ ಜಗಳಕ್ಕೆ ಖಾರ ಸ್ವಲ್ಪ ಜಾಸ್ತಿ. ಆಗ ನಮ್ಮ ಸಂಸದ ಕುಮಾರಸ್ವಾಮಿಯವರು ಕೇಂದ್ರದಲ್ಲಿ ಮಂತ್ರಿ, ಪಕ್ಕದ ಮೈಸೂರು ಜಿಲ್ಲೆಯ ಸಿದ್ದರಾಮಯ್ಯನವರು ಮುಖ್ಯಮಂತ್ರಿ ಆಗಿದ್ದರು. ತೆರಿಗೆ ಮಾತು ಶುರುವಾದರೆ ಎರಡೇ ನಿಮಿಷಕ್ಕೆ ಅದು ಪಕ್ಷದ ಮಾತಾಗುತ್ತದೆ, ಆಮೇಲೆ ಜಾತಿಯ ಮಾತು.

ನಾನು ದಿನಾ ಬಿಲ್ ನೋಡುವವಳು. ನೂರು ರೂಪಾಯಿಗೆ 18 ರೂಪಾಯಿ ಜಿಎಸ್‌ಟಿ ಅಂದರೆ 9 ಕೇಂದ್ರಕ್ಕೆ, 9 ರಾಜ್ಯಕ್ಕೆ. ದರ ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು ತೂಕ, ಉಳಿದ ಎರಡು ಪಾಲು ರಾಜ್ಯಗಳದ್ದು. ನಾಲ್ಕರಲ್ಲಿ ಮೂರು ಪಾಲು ಒಪ್ಪದೆ ಏನೂ ಪಾಸಾಗದು. ಅಂದರೆ ಇಬ್ಬರೂ ಸೇರಿಯೇ ಮಾಡಿದ ಅಡುಗೆ. ಪೆಟ್ರೋಲ್ ಕಥೆಯೂ ಅಷ್ಟೇ. ಅದನ್ನು ಜಿಎಸ್‌ಟಿಗೆ ತರೋಕೆ ಇಬ್ಬರಿಗೂ ಮನಸ್ಸಿಲ್ಲ, ಯಾಕೆಂದರೆ ಇಬ್ಬರಿಗೂ ಅದರಲ್ಲಿ ಒಳ್ಳೇ ಆದಾಯ. ಇದನ್ನು ಹೇಳಹೋದರೆ ಬೆಂಚಿನವರು ನೀನು ಯಾರ ಕಡೆ ಅಂತ ಕೇಳುತ್ತಾರೆ. ಸುಮ್ನೆ ಹಾಲು ತಗೊಂಡು ಬಂದೆ.

ಮಧ್ಯಾಹ್ನ ಲೆಕ್ಕಕ್ಕೆ ಕೂತಾಗ ನಿಜವಾದ ತಮಾಷೆ ಶುರುವಾಯಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಅವರು ನಕ್ಕರು: “ನಲವತ್ತು ಲಕ್ಷ ನಾನೆಲ್ ಕಂಡಿದ್ದೀನಿ ಕನಕ್ಕ?” ಹಾಳೆ ತಗೊಂಡು ಬರೆದೆ. ದಿನಕ್ಕೆ 250 ಲೀಟರ್ ಹಾಲು, ಲೀಟರಿಗೆ 45 ರೂಪಾಯಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 41 ಲಕ್ಷ! ಅವರ ಮುಖ ಬಿಳಿಚಿಕೊಂಡಿತು. ಲೀಟರಿಗೆ ಎರಡು ರೂಪಾಯಿ ಉಳಿದರೆ ಹೆಚ್ಚು ಅನ್ನುವ ಮನುಷ್ಯ, ಕಾಗದದ ಮೇಲೆ ನಲವತ್ತು ಲಕ್ಷದ ವ್ಯಾಪಾರಿ.

ಹಾಲಿಗೆ ತೆರಿಗೆಯೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಇಲ್ಲ, ನಿಜ. ಬರೀ ಹಾಲೇ ಮಾರಿದ್ದರೆ ಎಷ್ಟು ಕೋಟಿಯಾದರೂ ನೋಂದಣಿ ಬೇಕಿರಲಿಲ್ಲ. ಆದರೆ ಪಕ್ಕದಲ್ಲಿ ಮೊಸರಿದೆ, ಬಿಸ್ಕತ್ತಿದೆ, ಚಿಪ್ಸಿದೆ. ತೆರಿಗೆ ಇರುವ ಒಂದು ಸಾಮಾನು ಅಂಗಡಿಗೆ ಬಂತೆಂದರೆ, ನೋಂದಣಿ ಲೆಕ್ಕಕ್ಕೆ ಹಾಲಿನ ವಹಿವಾಟೂ ಸೇರಿಕೊಳ್ಳುತ್ತದೆ. ಪ್ಯಾಕೆಟ್ ಮೊಸರಿಗೆ 2022ರ ಜುಲೈ 18ರಿಂದ ಶೇ 5. ಮನೆಯಲ್ಲಿ ಹೆಪ್ಪು ಹಾಕಿದರೆ ಏನಿಲ್ಲ, ಪ್ಯಾಕೆಟ್‌ನಲ್ಲಿ ಹೆಪ್ಪುಗಟ್ಟಿದರೆ ತೆರಿಗೆ. “ಹಾಲಿಗಿಲ್ಲ, ಮೊಸರಿಗುಂಟು, ಇದ್ಯಾವ ನ್ಯಾಯ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಾಸ್‌ಬುಕ್ ತೆಗೆದರೆ ಇನ್ನೊಂದು ಗೋಜಲು. ಚೀಟಿ ಎತ್ತಿದ ದುಡ್ಡು, ಬಾಮೈದ ವಾಪಸ್ ಕೊಟ್ಟ ಸಾಲ, ಊರಿನ ಕಬ್ಬಿನ ಹಣದಲ್ಲಿ ಅಣ್ಣ ಕಳಿಸಿದ ಪಾಲು, ಎಲ್ಲ ಅದೇ ನಂಬರಿಗೆ. ಕಂಪ್ಯೂಟರಿಗೆ ಅದೆಲ್ಲ ವ್ಯಾಪಾರವೇ. ನಾವಿಬ್ಬರೂ ಪೆನ್ಸಿಲ್ ಹಿಡಿದು ಒಂದೊಂದೇ ಗುರುತು ಹಾಕಿದೆವು. ಕೊನೆಗೆ ತೆರಿಗೆ ಇರುವ ಸಾಮಾನಿನ ವ್ಯಾಪಾರ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಅಂತ ಕಂಡಿತು. ಸಣ್ಣ ವ್ಯಾಪಾರಿಗಳಿಗೆ ಕಾಂಪೊಸಿಷನ್ ಅಂತ ಒಂದು ಸುಲಭದ ದಾರಿ ಇದೆ. ತೆರಿಗೆ ಇರುವ ಮಾರಾಟದ ಮೇಲೆ ಶೇ 1 ಕಟ್ಟಿದರಾಯಿತು. ಗಿರಾಕಿಯಿಂದ ಬೇರೆ ವಸೂಲಿ ಮಾಡುವಂತಿಲ್ಲ ಅಷ್ಟೇ. ವರ್ಷಕ್ಕೆ ಹತ್ತು ಸಾವಿರ.

“ಇಷ್ಟೇನಾ?” ಅಂದರು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, “ಇದ ಯಾರೂ ಯೋಳ್ನೇ ಇಲ್ವಲ್ಲ” ಅಂದರು.

ನನಗೆ ಅಲ್ಲೇ ಗಿರಣಿ ನೆನಪಾದದ್ದು. ಅಂಗಡಿಯಲ್ಲಿ ಅಕ್ಕಿ ಮೂಟೆ ಯಾಕೆ 25 ಕೆಜಿ ಬದಲು 26 ಕೆಜಿ ಆಯಿತು ಅಂತ ಯಾವಾಗಲಾದರೂ ಯೋಚಿಸಿದ್ದೀರಾ? ಮೊಸರಿಗೆ ತೆರಿಗೆ ಬಂದ ದಿನವೇ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೂ ಶೇ 5 ಬಂತು, ಆದರೆ 25 ಕೆಜಿವರೆಗಿನ ಚೀಲಕ್ಕೆ ಮಾತ್ರ. ಒಂದು ಕೆಜಿ ಜಾಸ್ತಿ ತುಂಬಿದರೆ ತೆರಿಗೆ ಇಲ್ಲ. ಇದರಲ್ಲಿ ಮೋಸ ಏನಿಲ್ಲ, ಕಾನೂನೇ ಹಾಗಿದೆ. ಎಷ್ಟೋ ಗಿರಣಿಗಳು ಆ ದಾರಿ ಹಿಡಿದವು. ಅವರಿಗೆ ಆಡಿಟರ್ ಇದ್ದರು, ಹೇಳಿಕೊಟ್ಟರು. ಐದು ಕೆಜಿ, ಹತ್ತು ಕೆಜಿ ಚೀಲ ಕೊಳ್ಳುವ ಮನೆಗಳು ಇವತ್ತಿಗೂ ಆ ಐದು ಪರ್ಸೆಂಟ್ ಕೊಡುತ್ತಿವೆ. ಹಾಲಿನಂಗಡಿಯವರಿಗೆ ಹೇಳುವವರಿಲ್ಲ, ಅವರು ಸ್ಟಿಕ್ಕರ್ ಕಿತ್ತರು.

2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಲು ಸುಗ್ರೀವಾಜ್ಞೆಯೇ ಬಂತು, ಅಷ್ಟು ಅವಸರ. 2025ರ ಬಜೆಟ್‌ನಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂದಾಗ ಗಿರಣಿಯಲ್ಲಿ ಮ್ಯಾನೇಜರ್ ಮೈಸೂರು ಪಾಕ್ ಹಂಚಿದ್ದರು. ನಾನೂ ತಿಂದೆ. ನನ್ನ ಸಂಬಳ ಅದರ ಹತ್ತಿರವೂ ಸುಳಿಯುವುದಿಲ್ಲ, ಹಾಗಾಗಿ ನನಗೆ ಹಿಂದೆಯೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಸೋಪು, ಪೇಸ್ಟು, ಸ್ಕೂಟರಿನ ಟಯರಿನ ಮೇಲೆ ಮ್ಯಾನೇಜರ್ ಕೊಡುವಷ್ಟೇ ನಾನೂ ಕೊಡುತ್ತೇನೆ. ‘ತೆರಿಗೆ ಕಟ್ಟುವವರು ನಾವು, ಬಿಟ್ಟಿ ತಿನ್ನುವವರು ನೀವು’ ಅಂತ ಶಕ್ತಿ ಬಸ್ಸಿನಲ್ಲಿ ಯಾರಾದರೂ ಗೊಣಗಿದಾಗ ಮೈ ಉರಿಯುವುದು ಇದಕ್ಕೇ.

ಕೇಂದ್ರ ನಮಗೆ ಕಮ್ಮಿ ಕೊಡುತ್ತದೆ ಅನ್ನುವ ರಾಜ್ಯದ ದೂರಿನಲ್ಲಿ ನಿಜ ಇಲ್ಲ ಅಂತಲೂ ಅಲ್ಲ. ಕೇಂದ್ರದಿಂದ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇತ್ತು, 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ತಲಾ ಆದಾಯ ಜಾಸ್ತಿ ಇರುವ ರಾಜ್ಯಕ್ಕೆ ಪಾಲು ಕಮ್ಮಿ ಅನ್ನುವ ಲೆಕ್ಕ ಅದರಲ್ಲಿ ದೊಡ್ಡದು. ಬೆಂಗಳೂರಿನ ದುಡಿಮೆಯನ್ನು ರಾಜ್ಯದ ತಲೆಗೆಲ್ಲ ಹಂಚಿ ನೋಡಿದರೆ ಮಂಡ್ಯದವಳಾದ ನಾನೂ ಶ್ರೀಮಂತೆ! ಹಾಗಂತ ರಾಜ್ಯ ಸರ್ಕಾರಕ್ಕೆ ಬಂದದ್ದರಲ್ಲಿ ಮಂಡ್ಯಕ್ಕೆ ಎಷ್ಟು ಬಂತು ಅಂತ ಕೇಳಿದರೆ ಆ ಕಡೆಯೂ ಮೌನವೇ.

ಆ ವಾರವೇ ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂತ ಮುಖ್ಯಮಂತ್ರಿ ಹೇಳಿದರು. ನಮ್ಮ ಹಾಲಿನಂಗಡಿಯವರು ನೋಂದಣಿ ಮಾಡಿಸಿದರು, ಸ್ಟಿಕ್ಕರ್ ಮತ್ತೆ ಅಂಟಿಸಿದರು. ಸೆಪ್ಟೆಂಬರ್ 22ಕ್ಕೆ ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಬೆಂಚಿನ ಮೇಲೆ ಇದು ಡೆಲ್ಲಿಯ ಕೊಡುಗೆ ಅಂತ ಒಬ್ಬರು, ಎಂಟು ವರ್ಷ 18 ಕಿತ್ತವರು ಯಾರು ಅಂತ ಇನ್ನೊಬ್ಬರು. ಅಂಗಡಿಯವರು ಆ ಕಡೆ ತಿರುಗಿಯೂ ನೋಡಲಿಲ್ಲ. ಮೊದಲ ಕಂತು ಅಕ್ಟೋಬರ್ 18ರೊಳಗೆ ಕಟ್ಟಬೇಕು, ಒಂದು ವಾರ ಮುಂಚೆಯೇ ನೆನಪು ಮಾಡಿ ಅಂತ ನನಗೆ ಹೇಳುತ್ತಿದ್ದರು.