ಟ್ರೇಲರ್ ನೆಲ: ಎತ್ತಿ ಒಣಗಿಸುವ ಹಾಗಿರಲಿ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಕಟ್ಟುತ್ತಿದ್ದೇನೆ. ನೋಡಲು ಬಂದವರೆಲ್ಲ ಛಾವಣಿಯ ಆಕಾರ ಕೇಳುತ್ತಾರೆ, ಕಿಟಕಿ ಕೇಳುತ್ತಾರೆ, ಒಳಗೆ ಯಾವ ಬಣ್ಣ ಅಂತ ಕೇಳುತ್ತಾರೆ. ನೆಲದ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಿದ್ದು ಅದರ ಬಗ್ಗೆಯೇ. ಗೋಡೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ನೆಲ ಕೊಳೆಯುವುದು ಹಾಸಿಗೆಯ ಕೆಳಗೆ, ಯಾರಿಗೂ ಕಾಣದ ಹಾಗೆ.

ಮೊದಲು ಅಳತೆ ಹೇಳಿಬಿಡುತ್ತೇನೆ. ನೆಲ 8 ಅಡಿ ಉದ್ದ, 4 ಅಡಿ ಅಗಲ. ಇಂಥ ಚಿಕ್ಕ ಟ್ರೇಲರ್‌ಗಳಲ್ಲಿ ಈ ಅಳತೆ ಬಹಳ ಸಾಮಾನ್ಯ, ಏಕೆಂದರೆ ಪ್ಲೈವುಡ್ ಹಾಳೆ ಬರುವುದೇ 8 ಅಡಿ ಉದ್ದ 4 ಅಡಿ ಅಗಲಕ್ಕೆ. ಒಂದೇ ಹಾಳೆಯಲ್ಲಿ ನೆಲ ಮುಗಿಯುತ್ತದೆ. ನಡುವೆ ಜೋಡಣೆ ಇಲ್ಲ, ಅಂದರೆ ನೀರು ಇಳಿಯಲು ಒಂದು ದಾರಿ ಕಡಿಮೆ. ಹಿಂದಿನ 2 ಅಡಿ ಒಲೆ, ಪಾತ್ರೆ ಇಡುವ ಪೆಟ್ಟಿಗೆಗೆ ಹೋಯಿತು. ಉಳಿದ 6 ಅಡಿಯಲ್ಲಿ ಮಡಚುವ ಹಾಸಿಗೆ. ಅದನ್ನು ಮಡಚಿದರೆ ಬಾಗಿಲ ಹತ್ತಿರ ಕಾಲಿಡಲು 2 ಅಡಿ ಜಾಗ ಸಿಗುತ್ತದೆ. ಮಣ್ಣು, ಮರಳು, ಒದ್ದೆ ಚಪ್ಪಲಿ ಎಲ್ಲ ಬಂದು ಸೇರುವುದು ಅಲ್ಲಿಗೇ.

ಶುರುವಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ಮೂರು ಪದರದ ನೆಲ. ಮೇಲೆ 9 ಮಿ.ಮೀ. ಪ್ಲೈ, ನಡುವೆ ಮರದ ರೀಪುಗಳ ಚೌಕಟ್ಟಿನಲ್ಲಿ 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್, ಕೆಳಗೆ 4 ಮಿ.ಮೀ. ಪ್ಲೈ. ಎಕ್ಸ್‌ಪಿಎಸ್ ಅಂದರೆ ಥರ್ಮಾಕೋಲ್ ಜಾತಿಯದೇ, ಆದರೆ ಅದಕ್ಕಿಂತ ಗಟ್ಟಿ, ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಲೆಕ್ಕ ಹಾಕಿದರೆ ಇಡೀ ನೆಲ ಸುಮಾರು 30 ಕೆಜಿ. ಬರೀ 18 ಮಿ.ಮೀ. ಪ್ಲೈ ಹಾಕಿದರೂ ಅಷ್ಟೇ ತೂಕ. ಅದೇ ತೂಕಕ್ಕೆ ಹೆಚ್ಚು ಬಿಗಿ, ಹೆಚ್ಚು ಬೆಚ್ಚಗೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ ಅನ್ನಿಸಿತ್ತು.

ಚಿತ್ರ ಬರೆದು ಹೆಂಡತಿಗೆ ತೋರಿಸಿದೆ. ಅವಳು ನೋಡಿ ಒಂದೇ ಮಾತು ಕೇಳಿದಳು: "ಅಲ್ಲ ರೀ, ಇದರೊಳಗೆ ನೀರು ಹೋದರೆ ಬಿಚ್ಚಿ ಒಣಗಿಸೋಕಾಗುತ್ತಾ?"

ಆಗುವುದಿಲ್ಲ. ಮೂರೂ ಪದರ ಅಂಟಿಕೊಂಡಿರುತ್ತವೆ. ಒಂದು ಸ್ಕ್ರೂ ತೂತಿನಿಂದ ಒಂದು ಚಮಚ ನೀರು ಒಳಗಿಳಿದರೂ ಹೊರಗೆ ಬರಲು ಜಾಗವಿಲ್ಲ. ಟ್ರೇಲರ್ ಅಂದರೆ ದಿನವಿಡೀ ಅಲುಗಾಡುವ ವಸ್ತು. ಅದರಲ್ಲಿ ಸಂದು ಮುಚ್ಚುವ ಯಾವ ಸೀಲಂಟೂ ಕೊನೆವರೆಗೆ ಬಿರುಕು ಬಿಡದೆ ಇರುತ್ತದೆ ಅಂತ ನಾನು ನಂಬುವುದಿಲ್ಲ. ಆ ಪ್ರಶ್ನೆಯಿಂದ ನನ್ನ ಯೋಚನೆಯ ದಿಕ್ಕೇ ಬದಲಾಯಿತು. ಆಮೇಲೆ ಯಾವ ವಸ್ತು ನೋಡಿದರೂ ಮೊದಲು ಕೇಳಿಕೊಂಡದ್ದು ಅದನ್ನೇ: ಎತ್ತಲು ಆಗುತ್ತಾ?

ಆದ್ದರಿಂದ ತಳಕ್ಕೆ ಒಂದೇ ಪದರ, 12 ಮಿ.ಮೀ. ಮರೀನ್ ಪ್ಲೈ. ತೂಕ 20 ಕೆಜಿ ಚಿಲ್ಲರೆ. ಚಾಸಿಯಲ್ಲಿ 2 ಅಡಿಗೊಂದು ಅಡ್ಡ ಕಬ್ಬಿಣ ಇದೆ, ಅಷ್ಟು ಆಧಾರ ಇದ್ದರೆ ಇಬ್ಬರು ಮಲಗಲು 12 ಮಿ.ಮೀ. ಸಾಕು. ಒಂದು ವಿಷಯ ಗಮನಿಸಿ. ಪ್ಲೈನ ಮೇಲ್ಪದರದ ನಾರು ಅಡ್ಡ ಕಬ್ಬಿಣಗಳನ್ನು ದಾಟಿ ಹೋಗುವಂತೆ ಹಾಳೆ ಇಡಬೇಕು. ಕಬ್ಬಿಣದ ಜೊತೆಗೇ ಉದ್ದಕ್ಕೆ ಹೋದರೆ ನೆಲ ಬೇಗ ಬಾಗುತ್ತದೆ. ಸಾಮಾನ್ಯವಾಗಿ ನಾರು ಹಾಳೆಯ ಉದ್ದಕ್ಕೇ ಇರುತ್ತದೆ, ಆದರೂ ಕಣ್ಣಿಟ್ಟು ನೋಡಿಯೇ ಇಡಿ.

ಮರೀನ್ ಪ್ಲೈ ಅಂದರೆ ನೀರಿಗೆ ಜಗ್ಗುವುದೇ ಇಲ್ಲ ಅಂತ ಹಲವರು ತಿಳಿದಿದ್ದಾರೆ. ಜಗ್ಗದೆ ಇರುವುದು ಪದರಗಳ ನಡುವಿನ ಅಂಟು. ಮರ ಮರವೇ, ಅದು ನೀರು ಕುಡಿಯುತ್ತದೆ, ಕೊಳೆಯುತ್ತದೆ. ಅದರಲ್ಲೂ ಅಂಚು. ಕತ್ತರಿಸಿದ ಅಂಚಿನಲ್ಲಿ ನಾರಿನ ತುದಿಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತವೆ. ಮೇಲೆ ಎಷ್ಟು ಚೆಂದದ ಹಾಸು ಹಾಕಿದರೂ ಅಂಚು ಬರಿದಾಗಿದ್ದರೆ ಆ ನೆಲ ಉಳಿಯುವುದಿಲ್ಲ.

ಹಾಗಾಗಿ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಳಿಯುವ ಕೆಲಸಕ್ಕೆ ಸಮಯ ಕೊಟ್ಟೆ, ಅದು ನನಗೆ ತುಂಬಾ ಇಷ್ಟವಾದ ಕೆಲಸವೂ ಆಯಿತು. ಮೊದಲ ಕೈ ತೆಳ್ಳಗೆ, ಮರ ಹೀರಿಕೊಳ್ಳುವಷ್ಟು ಹೀರಿಕೊಳ್ಳಲಿ ಅಂತ. ಅಂಚಿಗೆ ಮಾತ್ರ ಮತ್ತೆ ಮತ್ತೆ, ಇಂಗದೆ ಹೊಳಪು ಉಳಿಯುವವರೆಗೆ. ಬೋಲ್ಟ್ ತೂತುಗಳಿಗೆ ದೋಣಿ ಕಟ್ಟುವವರು ಮಾಡುವ ಒಂದು ಉಪಾಯ ಇದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಪೂರ್ತಿ ಎಪಾಕ್ಸಿಯಿಂದ ತುಂಬಿಸಬೇಕು. ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಬೇಕು. ಆಗ ಬೋಲ್ಟ್ ಪಕ್ಕದಲ್ಲಿ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಬೇಸರದ ಕೆಲಸ, ಆದರೆ ಬಿಡಬೇಡಿ. ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ, ಅದಕ್ಕೆ ಹೊರಗೆ ಕಾಣುವ ಕಡೆಯೆಲ್ಲ ಮೇಲೆ ಪೇಂಟ್ ಬೇಕು. ಕೈಗವಸು ಇಲ್ಲದೆ ಮುಟ್ಟಲೇಬೇಡಿ. ಕೆಲವರಿಗೆ ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಆಮೇಲೆ ಆ ವಸ್ತುವಿನ ಹತ್ತಿರ ಹೋಗುವುದೂ ಕಷ್ಟ.

ಕೆಳಭಾಗಕ್ಕೂ ಇದೇ ಉಪಚಾರ. ಚಕ್ರ ಎರಚುವ ನೀರು, ಕಲ್ಲು ನೇರ ಹೊಡೆಯುವುದು ಅಲ್ಲಿಗೆ. ಗೋಡೆಗಳನ್ನು ನೆಲದ ಮೇಲೆ ಕೂರಿಸದೆ, ನೆಲದ ಅಂಚನ್ನು ಮುಚ್ಚಿ ಸ್ವಲ್ಪ ಕೆಳಗಿಳಿಯುವಂತೆ ಮಾಡಿದ್ದೇನೆ. ಮಳೆನೀರು ಗೋಡೆಯ ಮೇಲೆ ಹರಿದು ಹಾಗೇ ಕೆಳಗಿನ ಮಣ್ಣಿಗೆ ತೊಟ್ಟಿಕ್ಕಬೇಕು, ಜೋಡಣೆಯ ಒಳಗೆ ತಿರುಗಬಾರದು.

ಇನ್ನು ಮೇಲಿನ ಹಾಸು. ಕಾರ್ಪೆಟ್ ಬೇಡ, ಅದರ ಬಗ್ಗೆ ಚರ್ಚೆಯೇ ಇಲ್ಲ. ಲ್ಯಾಮಿನೇಟ್ ಹಲಗೆಗಳ ಒಳಗಿರುವುದು ಒತ್ತಿದ ಮರದ ಪುಡಿ, ನೀರು ಸೇರಿದರೆ ಉಬ್ಬಿ ನಿಲ್ಲುತ್ತದೆ. ಒಂದಕ್ಕೊಂದು ಸಿಕ್ಕಿಸುವ ಎಸ್‌ಪಿಸಿ ಎಂಬ ಪ್ಲಾಸ್ಟಿಕ್ ಹಲಗೆ ನೋಡಲು ಬಹಳ ಚೆಂದ, ನೀರಿಗೂ ಹೆದರುವುದಿಲ್ಲ. ಆದರೆ ಅದರಲ್ಲಿ ಸುಣ್ಣಕಲ್ಲಿನ ಪುಡಿ ತುಂಬಿರುತ್ತದೆ. 4 ಮಿ.ಮೀ. ದಪ್ಪದ್ದು ಚದರ ಮೀಟರಿಗೆ ಸುಮಾರು 8 ಕೆಜಿ. ಇಡೀ ನೆಲಕ್ಕೆ ಹಾಕಿದರೆ ಕೆಳಗಿನ ಪ್ಲೈಗಿಂತ ಮೇಲಿನ ಅಲಂಕಾರವೇ ಭಾರ! ಬಿಸಿಲಲ್ಲಿ ಮುಚ್ಚಿಟ್ಟ ಟ್ರೇಲರ್ ಒಳಗೆ ಕಾದು ಹಿಗ್ಗಿದರೆ ಸಂದುಗಳೂ ಏಳುತ್ತವೆ.

ನನ್ನ ಮನಸ್ಸು ಸೋತದ್ದು ಕಾರ್ಕ್‌ಗೆ. ಬರಿಗಾಲಿಗೆ ಅಷ್ಟು ಹಿತವಾದ ನೆಲ ಇನ್ನೊಂದಿಲ್ಲ. ಹಗುರ, ಬೆಚ್ಚಗೆ, ಸದ್ದು ಮಾಡುವುದಿಲ್ಲ. ತುಣುಕು ತಂದು ಮನೆಯಲ್ಲಿ ಅದರ ಮೇಲೆ ಸುಮ್ನೆ ನಿಂತು ನೋಡುತ್ತಿದ್ದೆ. ಆದರೆ ನೆಲಕ್ಕೆ ಹಾಕುವ ಕಾರ್ಕ್ ಟೈಲ್‌ಗಳನ್ನು ಅಂಟಿಸಲೇಬೇಕು, ಮೇಲೆ ವಾರ್ನಿಷ್ ಬೇಕು, ಗೀರು ಬಿದ್ದ ಕಡೆ ನೀರು ಕೂರುತ್ತದೆ. ಅಂಟಿಸಿದ್ದನ್ನು ಎತ್ತಲು ಆಗುವುದಿಲ್ಲ. ಮನೆಯೊಳಗಾದರೆ ಇವತ್ತೇ ಹಾಕಿಸುತ್ತಿದ್ದೆ.

ಕೊನೆಗೆ ಕಾಲಿಡುವ ಜಾಗಕ್ಕೆ 2 ಮಿ.ಮೀ. ವಿನೈಲ್ ಹಾಳೆ, ಒಂದೇ ತುಂಡು, ಅಂಟಿಲ್ಲದೆ. ಸುಮಾರು 2 ಕೆಜಿ ತೂಕ. ಸುರುಳಿ ಬಿಚ್ಚಿ ಬೆಚ್ಚಗಿನ ಜಾಗದಲ್ಲಿ ಹರಡಿಟ್ಟರೆ ಮೆತ್ತಗಾಗಿ ತಾನೇ ಮಟ್ಟಸವಾಗುತ್ತದೆ. ಕಾಗದದಲ್ಲಿ ಅಚ್ಚು ಕತ್ತರಿಸಿ, ಅದರಂತೆ ವಿನೈಲ್ ಕತ್ತರಿಸಿದೆ. ಸುತ್ತ 3 ಮಿ.ಮೀ. ಸಂದು ಬಿಟ್ಟಿದ್ದೇನೆ, ಬಿಸಿಗೆ ಹಿಗ್ಗಲು. ಅಂಚನ್ನು ಮರದ ಬೀಡಿಂಗ್ ಮುಚ್ಚುತ್ತದೆ, ಆದರೆ ಬಿಗಿಯಾಗಿ ಅದುಮುವುದಿಲ್ಲ. ಬಾಗಿಲಲ್ಲಿ 2 ಸೆ.ಮೀ. ಎತ್ತರದ ಹೊಸ್ತಿಲು ಕೊಟ್ಟಿದ್ದೇನೆ, ಹೊರಗಿನ ನೀರು ಒಳಗೆ ಹರಿಯದಿರಲಿ ಅಂತ.

ವಿನೈಲ್ ಜೊತೆ ಎರಡು ಎಚ್ಚರ ಬೇಕು. ಅದರ ಮೇಲೆ ರಬ್ಬರ್ ಮ್ಯಾಟ್ ಹಾಕಿದರೆ ಕಾಲ ಕಳೆದಂತೆ ಹಳದಿ ಕಲೆ ಬೀಳುತ್ತದೆ, ಅದು ಉಜ್ಜಿದರೆ ಹೋಗುವುದಿಲ್ಲ. ಎಕ್ಸ್‌ಪಿಎಸ್ ಅಥವಾ ಥರ್ಮಾಕೋಲ್ ವಿನೈಲ್‌ಗೆ ನೇರ ತಾಗಿದರೆ ವಿನೈಲ್ ಅನ್ನು ಮೆತ್ತಗಿಡುವ ರಾಸಾಯನಿಕ ಫೋಮ್‌ಗೆ ಇಳಿದು ಎರಡೂ ಕೆಡುತ್ತವೆ. ಹಾಸಿಗೆಯ ಕೆಳಗೆ ಫೋಮ್ ಇಟ್ಟಿದ್ದೇನೆ, ಅದಕ್ಕೇ ನಡುವೆ ಒಂದು ಮರದ ಪಟ್ಟಿ ಇಟ್ಟು ಎರಡನ್ನೂ ಬೇರೆ ಮಾಡಿದ್ದೇನೆ.

ಹಾಸಿಗೆಯ ಕೆಳಗಿನ ಉಳಿದ ಜಾಗಕ್ಕೆ ವಿನೈಲ್ ಇಲ್ಲ. ಅಲ್ಲಿ ಪೇಂಟ್ ಮಾಡಿದ ಪ್ಲೈ, ಅದರ ಮೇಲೆ ಸಡಿಲವಾಗಿ ಇಟ್ಟ 25 ಮಿ.ಮೀ. ಎಕ್ಸ್‌ಪಿಎಸ್ ತುಂಡುಗಳು, ಅದರ ಮೇಲೆ ಪಟ್ಟಿ ಪಟ್ಟಿ ಮರದ ಚಾಪೆ, ಆಮೇಲೆ ಹಾಸಿಗೆ. 25 ಮಿ.ಮೀ. ಫೋಮ್ ತಡೆಯುವಷ್ಟು ಚಳಿಯನ್ನು ಬರೀ ಪ್ಲೈಯಿಂದ ತಡೆಯಬೇಕಾದರೆ ಸುಮಾರು 10 ಸೆ.ಮೀ. ದಪ್ಪ ಬೇಕು. ಮರದ ಪಟ್ಟಿಗಳು ಬೇಕಾಗಿರುವುದು ಗಾಳಿಗೆ. ಇಬ್ಬರು ಮಲಗಿದರೆ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಅರ್ಧ ಲೀಟರ್‌ಗೂ ಮೀರಿ ನೀರು ಆವಿಯಾಗುತ್ತದೆ. ಸ್ವಲ್ಪ ಹಾಸಿಗೆ ದಾಟಿ ಕೆಳಗಿಳಿದು, ತಣ್ಣಗಿರುವ ಕಡೆ ಹನಿಯಾಗುತ್ತದೆ. ಹಾಸಿಗೆಗೆ ಬೂಸ್ಟು ಹಿಡಿಯುವುದು ಎಷ್ಟೋ ಸಲ ಮಳೆಯಿಂದಲ್ಲ, ನಮ್ಮ ಉಸಿರಿಂದಲೇ. ಮೇಲೆ ಒಂದು ಗಾಳಿಕಿಂಡಿ ರಾತ್ರಿಯಿಡೀ ತೆರೆದಿರಬೇಕು ಅನ್ನುವುದೂ ಅದಕ್ಕೇ.

ಈಗ ಎಲ್ಲವೂ ಮೇಲೆ ಬರುತ್ತವೆ. ಹಾಸಿಗೆ ಮಡಚು, ಚಾಪೆ ಸುತ್ತು, ಫೋಮ್ ಎತ್ತು, ಬೀಡಿಂಗ್‌ನ ಸ್ಕ್ರೂ ಬಿಚ್ಚಿ ವಿನೈಲ್ ಎಳೆ. ಬರಿ ಪ್ಲೈ ಕಾಣುತ್ತದೆ, ಒರೆಸಿ ಬಾಗಿಲು ತೆರೆದಿಟ್ಟರೆ ಆಯಿತು. ಬೀಡಿಂಗ್‌ಗೆ ಹಾಕಿದ ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್, ಎಲ್ಲದಕ್ಕೂ ಒಂದೇ ಸ್ಕ್ರೂಡ್ರೈವರ್ ಸಾಕು. ಅದನ್ನು ಒಲೆ ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ.