ಉಸಿರು ಎಲ್ಲಿದೆ?

ಸೋಮವಾರದಿಂದ ಒಂದೇ ಪ್ರಶ್ನೆ ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ. "ಉಸಿರು ಎಲ್ಲಿದೆ?"

ಅದು ನನ್ನ ಮೂರನೇ ಯೋಗ ಕ್ಲಾಸ್. ಕಾಲು ನೀಡಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ನಡೀತಿತ್ತು. ನನ್ನ ಕೈ ಮೊಣಕಾಲು ದಾಟಿ ಅಲ್ಲೇ ನಿಂತಿತ್ತು. ಕಾಲಬೆರಳು ಇನ್ನೂ ಒಂದು ಗೇಣು ದೂರ. ಪಕ್ಕದ ಮ್ಯಾಟಿನವರು ಹಣೆಯನ್ನೇ ಕಾಲ ಮೇಲೆ ಇಟ್ಟಿದ್ದರು. ಇಟ್ಟು, ಯಾರಾದರೂ ನೋಡಿದರಾ ಅಂತ ತಲೆ ಎತ್ತಿ ಸುತ್ತ ನೋಡಿದರು. ನನಗೆ ಹಟ ಬಂತು. ಹಲ್ಲು ಕಚ್ಚಿ ಎಳೆದೆ. ತೊಡೆಯ ಹಿಂಭಾಗ ಉರಿಯೋಕೆ ಶುರುವಾಯ್ತು.

ಮೇಡಂ ಬಂದು ಪಕ್ಕದಲ್ಲಿ ಕೂತರು. ಕೈ ಹಿಡಿದು ಎಳೆಯುತ್ತಾರೆ ಅಂದುಕೊಂಡೆ. ಎಳೆಯಲಿಲ್ಲ.

"ಉಸಿರು ಎಲ್ಲಿದೆ?" ಅಂದರು.

ನನಗೆ ಅರ್ಥವಾಗಲಿಲ್ಲ. ಉತ್ತರ ಕೊಡೋಣ ಅಂತ ಬಾಯಿ ತೆರೆದಾಗ ಗೊತ್ತಾಯ್ತು, ಮಾತಾಡೋಕೆ ಗಾಳಿಯೇ ಇರಲಿಲ್ಲ. ಎದೆ ಬಿಗಿದು ಎಷ್ಟು ಹೊತ್ತಾಗಿತ್ತೋ.

"ಕಾಲಬೆರಳು ಎಲ್ಲೂ ಹೋಗಲ್ಲ. ಮೊದಲು ಉಸಿರು ಬಿಡಿ. ಮೊಣಕಾಲು ಸ್ವಲ್ಪ ಮಡಚಿ" ಅಂದರು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ಇಟ್ಟು ಎದ್ದು ಹೋದರು.

ಇಷ್ಟೇ ಆಗಿದ್ದು.

ನನ್ನನ್ನು ಕ್ಲಾಸಿಗೆ ಸೇರಿಸಿದ ಗೆಳತಿ, ದಿನಕ್ಕೆ 12 ಸುತ್ತು ಸೂರ್ಯ ನಮಸ್ಕಾರ ಹಾಕು, ಒಂದೇ ತಿಂಗಳಲ್ಲಿ ಬದಲಾಗ್ತೀಯ ಅಂದಿದ್ದಳು. ಒಳ್ಳೆಯವಳು. ಆದರೆ ಎಲ್ಲದಕ್ಕೂ ಲೆಕ್ಕ ಇಡುವವಳು. ಹೊಸಬರಿಗೆ ಆ ಲೆಕ್ಕ ಒಳ್ಳೆಯದಲ್ಲ ಅಂತ ನನಗೆ ಈಗ ಅನಿಸುತ್ತೆ. ಅದನ್ನು ಕೇಳಿ ಮೊದಲ ಎರಡು ಕ್ಲಾಸನ್ನು ನಾನು ಪರೀಕ್ಷೆಯ ಥರ ನೋಡಿದೆ. ಮೇಡಂ ಲೆಕ್ಕವನ್ನೇ ಹೇಳುವುದಿಲ್ಲ. ತಾವು ಆಸನ ಮಾಡಿ ತೋರಿಸುವುದೂ ಕಡಿಮೆ. ಮ್ಯಾಟುಗಳ ನಡುವೆ ಓಡಾಡುತ್ತಾ ನಮ್ಮ ಮುಖ ನೋಡುತ್ತಿರುತ್ತಾರೆ. ಮೊದಲ ದಿನ ಇದು ನನಗೆ ಹಿಡಿಸಿರಲಿಲ್ಲ. ಈಗ ಅವರ ಮೇಲೆ ತುಂಬಾ ಗೌರವ ಬಂದಿದೆ.

ಕ್ಲಾಸ್ ಮುಗಿದ ಮೇಲೆ ಕಂಬಳಿ ಯಾಕೆ ಅಂತ ಕೇಳಿದೆ. ತೊಡೆ ಹಿಂದಿನ ಸ್ನಾಯುಗಳು ನಾವು ಕೂರುವ ಮೂಳೆಯಿಂದ ಹೊರಟು ಮೊಣಕಾಲಿನ ಕೆಳಗೆ ಬಂದು ಅಂಟಿಕೊಂಡಿರುತ್ತವಂತೆ. ಅವು ಬಿಗಿಯಾಗಿದ್ದರೆ ಸೊಂಟ ಹಿಂದಕ್ಕೆ ವಾಲುತ್ತೆ. ಆಗ ಬಾಗೋದು ಸೊಂಟ ಅಲ್ಲ, ಬರೀ ಬೆನ್ನು. ಮೊಣಕಾಲು ಮಡಚಿದರೆ, ಕೆಳಗೆ ಸ್ವಲ್ಪ ಎತ್ತರ ಕೊಟ್ಟರೆ ಸೊಂಟಕ್ಕೆ ಮುಂದೆ ಬರೋಕೆ ದಾರಿ ಸಿಗುತ್ತೆ. ಸ್ನಾಯುವನ್ನು ಜೋರಾಗಿ ಎಳೆದರೆ ಅದು ತನ್ನನ್ನು ಕಾಪಾಡಿಕೊಳ್ಳೋಕೆ ಇನ್ನಷ್ಟು ಬಿಗಿಯುತ್ತೆ. ನಿಧಾನವಾಗಿ ಹೋದರೆ ಬಿಡುತ್ತೆ. ಉಸಿರು ಹೊರಗೆ ಬಿಡುವಾಗ ಎದೆಬಡಿತವೂ ಸ್ವಲ್ಪ ನಿಧಾನವಾಗುತ್ತೆ, ಅದಕ್ಕೇ ಉಸಿರು ಬಿಡುತ್ತಾ ಬಾಗಿ ಅಂತ ಹೇಳೋದು ಅಂದರು.

ನಮ್ಮ ಕ್ಲಾಸಿನಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರಿದ್ದಾರೆ. ಅರ್ಧ ಆಸನಗಳನ್ನು ಕುರ್ಚಿ ಹಿಡಿದೇ ಮಾಡುತ್ತಾರೆ. ಕುರ್ಚಿ, ಬೆಲ್ಟ್, ಮರದ ಇಟ್ಟಿಗೆ ಇವೆಲ್ಲ ಕೈಲಾಗದವರಿಗೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಅವನ್ನು ಆಸನದ ಅಭ್ಯಾಸಕ್ಕೆ ತಂದು ಜಗತ್ತಿಗೇ ಪರಿಚಯ ಮಾಡಿದವರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ ಎಲ್ಲ ಕಂಡು ಬಡಕಲಾಗಿದ್ದವರು. ಆಗದ ದೇಹ ಹೇಗಿರುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ಅಮ್ಮ ಕುರ್ಚಿ ಹಿಡಿದು ನಿಂತಾಗ ಅವರ ಮುಖ ಎಷ್ಟು ಸಮಾಧಾನವಾಗಿರುತ್ತೆ ಗೊತ್ತಾ? ಇಡೀ ಕ್ಲಾಸಿನಲ್ಲಿ ಚೆನ್ನಾಗಿ ಯೋಗ ಮಾಡುವವರು ಅವರೇ ಅಂತ ನನ್ನ ಅಭಿಪ್ರಾಯ. ಹಣೆ ಮುಟ್ಟಿಸುವ ಪಕ್ಕದವರಲ್ಲ.

ಯೋಗಸೂತ್ರ ಬರೆದ ಪತಂಜಲಿ ಆಸನದ ಬಗ್ಗೆ ಹೇಳಿರೋದು ಮೂರೇ ಸೂತ್ರ. ಒಂದು, 'ಸ್ಥಿರಸುಖಮಾಸನಮ್'. ಅಲುಗದೆ, ಸುಖವಾಗಿ ಇರೋದು. ಅದರ ಮುಂದಿನದು ಪ್ರಯತ್ನವನ್ನು ಸಡಿಲ ಬಿಡುವ ಬಗ್ಗೆ. ಮೂರು ಮುಗಿದ ಕೂಡಲೇ ಉಸಿರಿನ ಮಾತು ಬರುತ್ತೆ. ಕಾಲಬೆರಳಿನ ಸುದ್ದಿ ಎಲ್ಲೂ ಇಲ್ಲ. ಮಂಗಳವಾರ ರಾತ್ರಿ ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಆಮೇಲೆ ಇಡೀ ವಾರ ನನ್ನನ್ನೇ ಗಮನಿಸಿದೆ. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿದಿರುತ್ತೇನೆ. ಅದು ಸರಿ, ಎಲ್ಲರೂ ಹಿಡಿಯುತ್ತಾರೆ. ಆದರೆ ಮೆಸೇಜ್ ಬಂದ ಸದ್ದಿಗೂ ಹಿಡಿಯುತ್ತೇನೆ. ಮಗಳು ಕೂಡುವ ಲೆಕ್ಕ ಬರೆಯುವಾಗ, ದಶಕ ತೆಗೆದುಕೊಳ್ಳೋದು ಮರೆತಳು ಅಂತ ಕಂಡ ತಕ್ಷಣ ಹಿಡಿಯುತ್ತೇನೆ. ಬುಧವಾರ ಅವಳ ಕಡೆ ನೋಡಿದೆ. ಅವಳ ಭುಜವೂ ಮೇಲೆದ್ದಿತ್ತು. ಪೆನ್ಸಿಲ್ ಹಿಡಿದ ಬೆರಳು ಬೆಳ್ಳಗಾಗಿತ್ತು. ಅವಳೂ ಉಸಿರು ಬಿಗಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಎಂಟು ವರ್ಷದ ಮಗು. ಇದನ್ನು ಅವಳು ಎಲ್ಲಿಂದ ಕಲಿತಳು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ಎದೆಯೊಳಗೆ ಏನೋ ಕುಸಿದ ಹಾಗಾಯ್ತು.

ನಾನು ಉಸಿರು ಬಿಟ್ಟೆ. ಏನೂ ಹೇಳಲಿಲ್ಲ. ಲೆಕ್ಕ ತಪ್ಪೇ ಇತ್ತು, ಇರಲಿ ಅಂತ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಭುಜ ಕೆಳಗಿಳಿಯಿತು. ಇನ್ನೊಂದು ಸಲ ನೋಡಿ, ತಾನೇ ರಬ್ಬರ್ ತೆಗೆದುಕೊಂಡು ಅಳಿಸಿದಳು.

ಇವತ್ತಿನ ಕ್ಲಾಸಿನಲ್ಲೂ ಕೈ ಅಲ್ಲೇ ನಿಂತಿತು. ಮೊಣಕಾಲಿನಿಂದ ಸ್ವಲ್ಪ ಮುಂದೆ. ಕಂಬಳಿ ನಾನೇ ಮಡಚಿ ಹಾಕಿಕೊಂಡಿದ್ದೆ. ಮೇಡಂ ಪಕ್ಕದಲ್ಲೇ ಹಾದುಹೋದರು, ಏನೂ ಕೇಳಲಿಲ್ಲ.