ಬಿಸಿ ಇದ್ದಾಗ ತೂಗಬೇಡ

ನಮ್ಮ ಕೆಮಿಸ್ಟ್ರಿ ಲ್ಯಾಬಿನ ಮೂಲೆಯಲ್ಲಿ ಒಂದು ಸಣ್ಣ ಕೋಣೆ ಇತ್ತು. ಅದರ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಒಳಗೆ ಫ್ಯಾನ್ ಹಾಕುವಂತಿರಲಿಲ್ಲ, ಜೋರಾಗಿ ಮಾತಾಡುವಂತೆಯೂ ಇರಲಿಲ್ಲ. ಗಾಜಿನ ಪೆಟ್ಟಿಗೆಗಳ ಒಳಗೆ ತಕ್ಕಡಿಗಳು ಸಾಲಾಗಿ ಕೂತಿರುತ್ತಿದ್ದವು. ಬ್ಯಾಲೆನ್ಸ್ ರೂಮ್ ಅಂತ ನಾವು ಕರೆಯುತ್ತಿದ್ದೆವು. ಈಗಿನಂತೆ ಬಟನ್ ಒತ್ತಿದರೆ ಅಂಕಿ ತೋರಿಸುವ ತಕ್ಕಡಿ ಅಲ್ಲ. ಎಡಗಡೆ ತಟ್ಟೆಯಲ್ಲಿ ವಸ್ತು, ಬಲಗಡೆ ತಟ್ಟೆಯಲ್ಲಿ ತೂಕದ ಬಟ್ಟುಗಳು. ಅವನ್ನು ಚಿಮಟದಲ್ಲೇ ಎತ್ತಬೇಕು, ಬೆರಳು ತಾಗಿಸಬಾರದು. ಬೆರಳಿನ ಜಿಡ್ಡಿಗೂ ತೂಕ ಇದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಕೆಮಿಸ್ಟ್ರಿ ಸರ್. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ, ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ. ನಮ್ಮ ಬ್ಯಾಚಿನವರಿಗೆ ಹೇಳಲೇಬೇಕಾಗಿಲ್ಲ. ಶುಕ್ರವಾರ ಸಂಜೆ ಕ್ಲಾಸ್ ಮುಗಿದ ಮೇಲೆ ಅದೇ ಲ್ಯಾಬಿನ ಸ್ಟೂಲುಗಳ ಮೇಲೆ ಕೂತು ಅವರು ಬೈಬಲ್ ಓದಿಸುತ್ತಿದ್ದರು. ಬರಲೇಬೇಕು ಅಂತೇನೂ ಇರಲಿಲ್ಲ. ಹತ್ತು ಹನ್ನೆರಡು ಜನ ಇರುತ್ತಿದ್ದೆವು, ಅಷ್ಟೆ. ನಾನು ಚರ್ಚಿಗೆ ಹೋಗುವ ಮನೆಯಲ್ಲೇ ಬೆಳೆದವಳು. ಆದರೆ ನಂಬಿಕೆಗೂ ದಿನದ ಲೆಕ್ಕಾಚಾರಕ್ಕೂ ಸಂಬಂಧ ಇದೆ ಅಂತ ಅಲ್ಲಿಗೆ ಹೋಗುವ ತನಕ ನನಗೆ ಅನಿಸಿರಲಿಲ್ಲ. ಪ್ರಾರ್ಥನೆ ಒಂದು ಕಡೆ, ಬದುಕು ಇನ್ನೊಂದು ಕಡೆ ಅನ್ನುವ ಹಾಗೆ ಇದ್ದೆ.

ನಾನು ತಪ್ಪು ಮಾಡಿದ್ದು ಎರಡನೇ ವರ್ಷದಲ್ಲಿ. ಬೇರಿಯಂ ಸಲ್ಫೇಟ್ ತೂಗುವ ಪ್ರಯೋಗ. ಬಿಳಿ ಪುಡಿಯನ್ನು ಸೋಸಿ, ಮೂಸೆಯಲ್ಲಿ, ಅಂದರೆ ಬೆಂಕಿಗೆ ತಡೆಯುವ ಸಣ್ಣ ಬಟ್ಟಲಿನಲ್ಲಿ, ಹಾಕಿ ಕಾಯಿಸಬೇಕು. ಆರಿಸಿ ತೂಗಬೇಕು. ಮತ್ತೆ ಕಾಯಿಸಿ, ಆರಿಸಿ, ಮತ್ತೆ ತೂಗಬೇಕು. ಎರಡು ಸಲವೂ ಒಂದೇ ತೂಕ ಬರುವ ತನಕ ಇದೇ ಕೆಲಸ. ಅದಕ್ಕೆ ಸ್ಥಿರ ತೂಕ ಅನ್ನುತ್ತಾರೆ. ಬಿಸಿ ಇದ್ದಾಗ ಮಾತ್ರ ತೂಗಲೇಬಾರದು. ಬಿಸಿ ಮೂಸೆಯ ಸುತ್ತಲಿನ ಗಾಳಿ ಮೇಲಕ್ಕೆ ಏಳುತ್ತದೆ, ತಟ್ಟೆಯನ್ನೂ ಎತ್ತುತ್ತದೆ. ಇರುವುದಕ್ಕಿಂತ ಹಗುರ ಅಂತ ತಕ್ಕಡಿ ತೋರಿಸುತ್ತದೆ.

ಅವತ್ತು ನನಗೆ ಹೊತ್ತಾಗಿತ್ತು. ಒಂದು ಸಲ ತೂಗಿದೆ. ಎರಡನೇ ಸಲ ಕಾಯಿಸಲೇ ಇಲ್ಲ. ಅದೇ ಅಂಕಿಯನ್ನು ಕೆಳಗಿನ ಸಾಲಿನಲ್ಲಿ ಬರೆದೆ. ನಾಲ್ಕೂ ದಶಮಾಂಶ ಸರಿಯಾಗಿ ಹೊಂದಿತ್ತು.

ಸರ್ ರೆಕಾರ್ಡ್ ನೋಡಿದರು. ನನ್ನ ಮುಖ ನೋಡಲಿಲ್ಲ, ಮೂಸೆಯನ್ನು ನೋಡಿದರು. "ಬಾ, ಇನ್ನೊಂದು ಸಲ ಕಾಯಿಸೋಣ" ಅಂದರು. ಬರ್ನರ್ ಹಚ್ಚಿದರು. ಆರುವ ತನಕ ಪಕ್ಕದಲ್ಲೇ ಕೂತರು, ಬೇರೆ ಏನೇನೋ ಮಾತಾಡಿದರು. ಆಮೇಲೆ ನನ್ನ ಕೈಯಲ್ಲೇ ತೂಗಿಸಿದರು. ಮೂರನೇ ದಶಮಾಂಶದಲ್ಲಿ ತೂಕ ಇಳಿದಿತ್ತು. ಪುಡಿಯಲ್ಲಿ ಇನ್ನೂ ತೇವ ಇತ್ತು. ಮುಳ್ಳು ನಿಧಾನಕ್ಕೆ ಆ ಕಡೆ ಈ ಕಡೆ ಓಲಾಡಿ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ನಿನಗೆ ಏನು ಬೇಕಾಗಿತ್ತು?" ಅಂತ ಕೇಳಿದರು. ಗದರಿಸುವ ದನಿಯಲ್ಲಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲು. ಮಾರ್ಕ್ಸ್ ಬೇಕಾಗಿತ್ತು ಅಂದೆ. ಕಡಿಮೆಯಾದರೆ ಸ್ಕಾಲರ್‌ಶಿಪ್ ಹೋಗುತ್ತದೆ ಅಂದೆ. "ಸರಿ, ಅದು ದೊಡ್ಡ ಅಗತ್ಯವೇ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ನಿನ್ನ ಅಗತ್ಯವನ್ನ ತಕ್ಕಡಿ ತಟ್ಟೆ ಮೇಲೆ ಇಡಬೇಡ. ಅದಕ್ಕೂ ತೂಕ ಇದೆ" ಅಂದರು.

ಆ ಶುಕ್ರವಾರ ಓದಿಸಿದ್ದು ಯೋಹಾನನ ಸುವಾರ್ತೆಯಲ್ಲಿ ರೋಮನ್ ಅಧಿಪತಿ ಪಿಲಾತನ ಮುಂದೆ ಯೇಸು ವಿಚಾರಣೆಗೆ ನಿಂತ ಭಾಗ. ನನಗಾಗಿಯೇ ಆರಿಸಿದ್ದರು ಅಂತ ನನಗೆ ಗೊತ್ತಾಯಿತು. ಬೇರೆಯವರಿಗೆ ಗೊತ್ತಾಗದ ಹಾಗೆ ನೋಡಿಕೊಂಡರು. ಈ ಮನುಷ್ಯನಲ್ಲಿ ತಪ್ಪೇನೂ ಕಾಣಲಿಲ್ಲ ಅಂತ ಪಿಲಾತ ಎಷ್ಟು ಸಲ ಹೇಳುತ್ತಾನೆ, ಎಣಿಸಿ ಅಂದರು. ಎಣಿಸಿದೆವು. ಮೂರು ಸಲ. "ನೋಡಿ, ಮೂರು ಸಲ ತೂಗಿದ. ಮೂರು ಸಲವೂ ಒಂದೇ ತೂಕ ಬಂತು. ಅವನು ತಪ್ಪು ತೀರ್ಪು ಕೊಟ್ಟಿದ್ದು ಸತ್ಯ ಗೊತ್ತಿಲ್ಲದೆ ಅಲ್ಲ." ಇವನನ್ನು ಬಿಟ್ಟರೆ ನೀನು ಕೈಸರನಿಗೆ, ಅಂದರೆ ರೋಮ್ ಚಕ್ರವರ್ತಿಗೆ, ಮಿತ್ರನಲ್ಲ ಅಂತ ಜನ ಕೂಗಿದರು. ಪಿಲಾತನಿಗೆ ತನ್ನ ಹುದ್ದೆ ಬೇಕಾಗಿತ್ತು. ತನ್ನ ಕಣ್ಣಾರೆ ಕಂಡ ತೂಕವನ್ನು ಬಿಟ್ಟು ಬೇರೆ ಅಂಕಿ ಬರೆದ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ. ಸತ್ಯವೆಂದರೇನು ಅಂತ ಅವನು ಕೇಳಿದ ಪ್ರಶ್ನೆಯನ್ನೇ ನಾನು ಮೊದಲು ದೊಡ್ಡದಾಗಿ ನೋಡುತ್ತಿದ್ದೆ. ಅವತ್ತಿನಿಂದ ನನ್ನ ಕಣ್ಣು ಹೋಗುವುದು ಆ ಮೂರು ಸಲದ ಕಡೆಗೇ.

ಬೆಲೆಯ ವಿಷಯ ಬಂದಾಗ ಸರ್ ಹೆಚ್ಚಾಗಿ ಸಂತ ಅಗಸ್ಟೀನರನ್ನು ನೆನೆಯುತ್ತಿದ್ದರು. ಅವರು ಉತ್ತರ ಆಫ್ರಿಕದ ಹಿಪ್ಪೋದಲ್ಲಿ ಬಿಷಪ್ ಆಗಿದ್ದವರು, 430ರಲ್ಲಿ ತೀರಿಕೊಂಡವರು. ವಸ್ತುಗಳಿಗೆ ಎರಡು ಬಗೆಯ ಬೆಲೆ ಇದೆ ಅಂತ ಅಗಸ್ಟೀನರು ಬರೆದಿದ್ದಾರೆ. ಒಂದು, ಅದು ನಿಜವಾಗಿ ಏನು ಅನ್ನುವುದರ ಮೇಲೆ. ಇನ್ನೊಂದು, ಅದು ನಮಗೆ ಎಷ್ಟು ಉಪಯೋಗ ಅನ್ನುವುದರ ಮೇಲೆ. ಇಲಿಗೆ ಜೀವ ಇದೆ, ರೊಟ್ಟಿಗೆ ಇಲ್ಲ. ಆದರೂ ಮನೆಯಲ್ಲಿ ಇಲಿಗಿಂತ ರೊಟ್ಟಿ ಇರಲಿ ಅಂತ ಯಾರಾದರೂ ಬಯಸುತ್ತಾರೆ, ಅಲ್ವಾ? ಅಲ್ಲಿಯ ತನಕ ತೊಂದರೆ ಇಲ್ಲ. ಆದರೆ ಇದೇ ಅಳತೆಯನ್ನು ಮನುಷ್ಯರಿಗೆ ಹಿಡಿದಾಗ ಏನಾಗುತ್ತದೆ ಅಂತಲೂ ಅವರು ತೋರಿಸುತ್ತಾರೆ. ಒಬ್ಬ ಗುಲಾಮನಿಗಿಂತ ಒಂದು ಕುದುರೆಗೆ ಜಾಸ್ತಿ ಬೆಲೆ. ಒಬ್ಬ ದಾಸಿಗಿಂತ ಒಂದು ರತ್ನಕ್ಕೆ ಜಾಸ್ತಿ ಬೆಲೆ. ಇಲ್ಲಿ ಬೆಲೆ ಕಟ್ಟಿದ್ದು ಕೊಳ್ಳುವವನ ಅಗತ್ಯ, ಮಾರಾಟಕ್ಕೆ ನಿಂತವನು ಯಾರು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ.

ಅಗಸ್ಟೀನರಿಗಿಂತ ಸ್ವಲ್ಪ ಮುಂಚೆ, 4ನೇ ಶತಮಾನದಲ್ಲಿ, ನಿಸ್ಸದ ಗ್ರೆಗೊರಿ ಎಂಬ ಬಿಷಪ್ ಇದನ್ನೇ ಇನ್ನೂ ನೇರವಾಗಿ ಕೇಳಿದ್ದರು. ಮನುಷ್ಯ ದೇವರ ಸ್ವರೂಪದಲ್ಲಿ ಉಂಟಾದವನು ಅನ್ನುತ್ತೀರಿ, ಹಾಗಾದರೆ ಆ ಸ್ವರೂಪಕ್ಕೆ ಎಷ್ಟು ಕಾಸು ಲೆಕ್ಕ ಹಾಕಿ ಕೊಂಡಿರಿ ಅಂತ. ಗುಲಾಮರನ್ನು ಇಟ್ಟುಕೊಂಡಿದ್ದ ಜನರಿಗೇ ಹೇಳಿದ ಮಾತು ಅದು.

ನಮ್ಮಲ್ಲಿ ಒಬ್ಬ ಹುಡುಗ ಆಗ ಎದ್ದು ಕೇಳಿದ, "ಸರ್, ಆಮೇಲೆ ಒಂದೂವರೆ ಸಾವಿರ ವರ್ಷ ಕ್ರೈಸ್ತರೇ ಗುಲಾಮರನ್ನ ಕೊಂಡರಲ್ಲ, ಬೈಬಲ್ ತೋರಿಸಿಯೇ ಸರಿ ಅಂದರಲ್ಲ?" ಸರ್ ಸಮಜಾಯಿಷಿ ಕೊಡಲಿಲ್ಲ. "ಹೌದು, ಕೊಂಡರು" ಅಂದರು. ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಕಾನೂನು ಬಂದಿದ್ದು 1807ರಲ್ಲಿ. ಅದಕ್ಕಾಗಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಕೈಯಲ್ಲೂ ಬೈಬಲ್ ಇತ್ತು, ಎದುರು ನಿಂತ ಎಷ್ಟೋ ಜನರ ಕೈಯಲ್ಲೂ ಅದೇ ಬೈಬಲ್ ಇತ್ತು. "ಪುಸ್ತಕ ಒಂದೇ. ಒಬ್ಬರು ತಮ್ಮನ್ನ ಅದರಲ್ಲಿ ತೂಗಿಕೊಂಡರು. ಇನ್ನೊಬ್ಬರು ಗುಲಾಮರನ್ನ ದುಡಿಸುತ್ತಿದ್ದ ತಮ್ಮ ತೋಟಕ್ಕೆ ಬೇಕಾದ ತೂಕವನ್ನ ಅದರಿಂದ ಹೊರಡಿಸಿದರು" ಅಂದರು. ನಂಬಿಕೆ ಇದ್ದವರ ತೀರ್ಪು ತಾನಾಗಿಯೇ ಸರಿ ಇರುತ್ತದೆ ಅಂತ ಅವರು ಯಾವತ್ತೂ ಹೇಳಿಕೊಡಲಿಲ್ಲ. ನನ್ನ ನಂಬಿಕೆ ಉಳಿದಿದ್ದೇ ಆ ಪ್ರಾಮಾಣಿಕತೆಯಿಂದ ಅಂತ ನನಗೆ ಈಗಲೂ ಅನಿಸುತ್ತದೆ.

ನಮ್ಮ ಲ್ಯಾಬ್ ಅಟೆಂಡರ್ ಅಣ್ಣನನ್ನು ಇಲ್ಲಿ ನೆನೆಯದೆ ಹೋದರೆ ತಪ್ಪಾಗುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ ಅಷ್ಟೂ ಗಾಜಿನ ಸಾಮಾನು ತೊಳೆಯುತ್ತಿದ್ದವರು ಅವರು. ತೊಳೆದ ಪಿಪೆಟ್ಟನ್ನು ಬೆಳಕಿಗೆ ಹಿಡಿದು, ಒಳಗೆ ಒಂದು ಹನಿಯೂ ಅಂಟಿಕೊಂಡಿಲ್ಲ ಅಂತ ನೋಡಿ ಸ್ಟ್ಯಾಂಡಿಗೆ ಹಾಕುತ್ತಿದ್ದರು. ಕಾಲೇಜಿಗೆ ಯಾರಾದರೂ ದೊಡ್ಡವರು ಬಂದರೆ ಸರ್ ಮೊದಲು ಪರಿಚಯ ಮಾಡಿಸುತ್ತಿದ್ದುದು ಅವರನ್ನು. "ಇಲ್ಲಿ ಬರೋ ಉತ್ತರ ಎಲ್ಲ ಇವರು ತೊಳೆದ ಗಾಜಿನಿಂದ ಬರೋದು" ಅನ್ನುತ್ತಿದ್ದರು. ಚಿನ್ನದ ಉಂಗುರ ಹಾಕಿಕೊಂಡವನಿಗೆ ಒಳ್ಳೆ ಜಾಗ, ಬಡವನಿಗೆ ಅಲ್ಲೇ ನಿಂತುಕೋ ಅನ್ನಬೇಡಿ ಅಂತ ಬೈಬಲಿನ ಯಾಕೋಬನ ಪತ್ರದಲ್ಲಿ ಇದೆಯಲ್ಲ, ಅದನ್ನು ಸರ್ ಓದಿಸಿದ ನೆನಪಿಲ್ಲ. ಬಹುಶಃ ಓದಿಸುವ ಅಗತ್ಯವೇ ಬೀಳಲಿಲ್ಲ.

ಅಗತ್ಯದ ಬಗ್ಗೆ ನಾನು ಕಲಿತಿದ್ದು ಮುಜುಗರ ಪಟ್ಟುಕೊಂಡೇ. ಹಾಸ್ಟೆಲಿನಲ್ಲಿದ್ದ ನಮ್ಮ ಕ್ಲಾಸಿನ ಹುಡುಗನೊಬ್ಬನ ಅಪ್ಪ ತೀರಿಕೊಂಡರು. ನಾವೆಲ್ಲ ಸೇರಿ ದುಡ್ಡು ಒಟ್ಟು ಮಾಡಿದೆವು. ಕವರಿನಲ್ಲಿ ಹಾಕಿ, ಎಲ್ಲರೂ ಸಹಿ ಮಾಡಿ, ಸರ್ ಹತ್ತಿರ ತೋರಿಸಲು ಹೋದೆವು. ಹೊಗಳುತ್ತಾರೆ ಅಂತ ಕಾದಿದ್ದೆವು. "ಅವನನ್ನ ಕೇಳಿದ್ರಾ?" ಅಂದರು.

ಕೇಳಿರಲಿಲ್ಲ. ಕೇಳುವುದೇನಿದೆ, ಗೊತ್ತೇ ಇದೆಯಲ್ಲ ಅಂದುಕೊಂಡಿದ್ದೆವು. ಆಗ ಸರ್ ಬೈಬಲಿನ ಬಾರ್ತಿಮಾಯನ ಕಥೆ ನೆನಪಿಸಿದರು. ದಾರಿ ಬದಿಯಲ್ಲಿ ಕೂತ ಕುರುಡ ಭಿಕ್ಷುಕ. ಯೇಸು ಹೋಗುತ್ತಿದ್ದಾನೆ ಅಂತ ಕೇಳಿ ಕೂಗುತ್ತಾನೆ. ಸುಮ್ಮನಿರು ಅಂತ ಜನ ಗದರಿಸುತ್ತಾರೆ. ಯೇಸು ನಿಲ್ಲುತ್ತಾನೆ, ಅವನನ್ನು ಕರೆಸುತ್ತಾನೆ, ಆಮೇಲೆ ಕೇಳುತ್ತಾನೆ: ನಾನು ನಿನಗೆ ಏನು ಮಾಡಬೇಕು? ಕುರುಡನಿಗೆ ಏನು ಬೇಕು ಅಂತ ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಆದರೂ ಕೇಳಿದ. ಅದುವರೆಗೆ ಬಾಯಿ ಮುಚ್ಚು ಅನ್ನಿಸಿಕೊಂಡವನ ಬಾಯಿಂದಲೇ ಅದು ಬರಲಿ ಅಂತ ಕೇಳಿದ.

ನಾವು ಹೋಗಿ ಕೇಳಿದೆವು. ದುಡ್ಡು ಬೇಡ ಅಂತ ಅವನು ಹೇಳಲಿಲ್ಲ. ಆದರೆ ಮೊದಲು ಹೇಳಿದ್ದು ಬೇರೆಯೇ. ಅಪ್ಪನಿಗೆ ತಾನು ಫೇಲ್ ಆಗಿದ್ದ ವಿಷಯ ಹೇಳಿರಲಿಲ್ಲವಂತೆ, ಸುಳ್ಳು ಹೇಳಿ ಕಳಿಸಿಬಿಟ್ಟೆ ಅಂತ ಅತ್ತ. ಆ ರಾತ್ರಿ ಇಬ್ಬರು ಹುಡುಗರು ಬೆಳಗಿನ ತನಕ ಅವನ ಜೊತೆ ಕೂತಿದ್ದರು. ಆ ಕವರ್ ಮೇಜಿನ ಮೇಲೆ ಹಾಗೇ ಇತ್ತು ಅಂತ ಆಮೇಲೆ ಹೇಳಿದರು.

ಬಿಎಸ್ಸಿ ಮುಗಿಸಿ ನಾನು ಕೆಮಿಸ್ಟ್ರಿ ಬಿಟ್ಟೆ. ಸಮಾಜಕಾರ್ಯ ಓದಿ ಒಂದು ಆಸ್ಪತ್ರೆ ಸೇರಿದೆ. ಚಿಕಿತ್ಸೆಗೆ ದುಡ್ಡಿಲ್ಲದವರಿಗೆ ಅಲ್ಲೊಂದು ಸಹಾಯ ನಿಧಿ ಇದೆ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಅಂತ ಶಿಫಾರಸು ಬರೆಯುವುದು ನನ್ನ ಕೆಲಸ. ನಿಧಿ ಚಿಕ್ಕದು, ಬರುವವರು ಜಾಸ್ತಿ. ಇವರು ಹೇಳುತ್ತಿರುವುದು ನಿಜವೇ, ಇವರಿಗೆ ಬೇಕಾಗಿರುವುದು ಎಷ್ಟು ಅಂತ ದಿನವೂ ಎದುರಿಗೆ ಕೂತವರನ್ನು ತೂಗಬೇಕು. ಈ ಮನುಷ್ಯನ ಬೆಲೆ ಎಷ್ಟು ಅನ್ನುವ ಕಾಲಂ ಮಾತ್ರ ಫಾರ್ಮಿನಲ್ಲಿ ಇಲ್ಲ. ಆದರೆ ಅದು ನಮ್ಮ ಮನಸ್ಸಿನಲ್ಲಿ ತಾನಾಗಿಯೇ ಭರ್ತಿಯಾಗುತ್ತಿರುತ್ತದೆ. ನಯವಾಗಿ ಮಾತಾಡುವವರ ಕಡೆ ಮನಸ್ಸು ವಾಲುತ್ತದೆ. ಕುಡಿದು ಬಿದ್ದು ಕಾಲು ಮುರಿದುಕೊಂಡವನ ಫಾರ್ಮ್ ಕೆಳಗೆ ಸರಿಯುತ್ತದೆ. ನಾನೇ ಎಷ್ಟೋ ಸಲ ಹಾಗೆ ಸರಿಸಿ, ಆಮೇಲೆ ಮತ್ತೆ ಮೇಲೆ ತಂದಿಟ್ಟಿದ್ದೇನೆ.

ಅಲ್ಲಿ ನನಗೆ ದಾರಿ ತೋರಿಸಿದ್ದು ಮತ್ತಾಯನ ಸುವಾರ್ತೆಯ ದ್ರಾಕ್ಷಿ ತೋಟದ ಕಥೆ. ಬೆಳಿಗ್ಗೆ ಬಂದವನಿಗೂ ಸಂಜೆ ಒಂದೇ ಗಂಟೆ ದುಡಿದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ, ಒಂದು ಬೆಳ್ಳಿ ನಾಣ್ಯ. ಕಾಲೇಜಿನಲ್ಲಿ ಓದಿದಾಗ ನನಗೆ ಇದು ಅನ್ಯಾಯ ಅಂತಲೇ ಕಂಡಿತ್ತು. ಆಸ್ಪತ್ರೆಗೆ ಬಂದ ಮೇಲೆ ಬೇರೆ ಥರ ಕಂಡಿತು. ಆ ಒಂದು ನಾಣ್ಯ ಆ ಕಾಲದಲ್ಲಿ ಒಂದು ದಿನದ ಕೂಲಿ. ಅದಕ್ಕಿಂತ ಕಡಿಮೆ ಸಿಕ್ಕರೆ ಮನೆಯವರ ಆ ದಿನದ ಊಟಕ್ಕೇ ಕೊರತೆ. ಸಂಜೆ ಬಂದವನಿಗೂ ಹಸಿವು ಇಡೀ ದಿನದ್ದೇ. ಅವನು ಬೇಕಂತ ತಡವಾಗಿ ಬಂದವನೂ ಅಲ್ಲ. ಯಾಕೆ ಸುಮ್ನೆ ನಿಂತಿದ್ದೀರಿ ಅಂದರೆ, ನಮ್ಮನ್ನ ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾನೆ. ಎಲ್ಲರ ಬೆಲೆ ಒಂದೇ ಅಂತ ಮೊದಲು ಒಪ್ಪಿದರೆ ಮಾತ್ರ ಅಗತ್ಯವನ್ನು ಸರಿಯಾಗಿ ನೋಡಲು ಆಗುತ್ತದೆ. ಇಲ್ಲದಿದ್ದರೆ ನಾವು ಅಗತ್ಯ ಅಂತ ಬರೆದು ಯೋಗ್ಯತೆಯನ್ನು ತೂಗುತ್ತಿರುತ್ತೇವೆ.

ಸುಳ್ಳು ಹೇಳುವವರೂ ಬರುತ್ತಾರೆ. ಒಬ್ಬ ಹಿರಿಯರು ಮಕ್ಕಳಿಲ್ಲ ಅಂತ ಬರೆಸಿದ್ದರು. ವಿಚಾರಿಸಿದಾಗ ಮಗ ಇದ್ದಾನೆ, ಸಂಪಾದನೆಯೂ ಇದೆ ಅಂತ ಗೊತ್ತಾಯಿತು. ನನಗೆ ಸಿಟ್ಟು ಬಂತು. ಫಾರ್ಮಿನ ಮೇಲೆ ತಿರಸ್ಕೃತ ಅಂತ ಬರೆಯಲು ಪೆನ್ ತೆಗೆದೆ. ಆಗ ಬ್ಯಾಲೆನ್ಸ್ ರೂಮು ನೆನಪಾಯಿತು. ಬಿಸಿ ಇದ್ದಾಗ ತೂಗಬೇಡ. ಫಾರ್ಮನ್ನು ಡ್ರಾಯರಿನಲ್ಲಿ ಇಟ್ಟು ಮನೆಗೆ ಹೋದೆ. ಮರುದಿನ ಅವರ ಹಾಸಿಗೆ ಪಕ್ಕ ಕೂತು ನಿಧಾನಕ್ಕೆ ಕೇಳಿದೆ. "ಇದ್ದಾನಮ್ಮ. ಬರಲ್ಲ. ಇಲ್ಲ ಅನ್ನೋದು ಸುಲಭ" ಅಂದರು. ಅವರು ಬರೆಸಿದ್ದು ಸುಳ್ಳೇ. ಅದನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಮಗ ಇದ್ದಾನೆ, ಸಂಪರ್ಕ ಇಲ್ಲ ಅಂತ ಅವರ ಎದುರಿಗೇ ತಿದ್ದಿ ಬರೆದೆ, ಓದಿ ಹೇಳಿದೆ. ಅವರು ಹೌದು ಅಂದರು. ಶಿಫಾರಸು ಕಳಿಸಿದೆ.

ಸರ್ ನಿವೃತ್ತರಾದ ಮೇಲೆ ಒಂದು ಸಲ ಹೋಗಿ ನೋಡಿ ಬಂದೆ. ಈ ಹಿರಿಯರ ವಿಷಯ ಹೇಳಿದೆ. ಅವರು ಜಾಸ್ತಿ ಏನೂ ಅನ್ನಲಿಲ್ಲ. "ಎಷ್ಟು ಹೊತ್ತು ಆರಿಸಿದೆ?" ಅಂತ ಕೇಳಿದರು. ಒಂದು ರಾತ್ರಿ ಅಂದೆ. ತಲೆ ಆಡಿಸಿದರು.

ಕಳೆದ ತಿಂಗಳು ಒಬ್ಬ ಹೆಂಗಸು ನನ್ನ ಟೇಬಲ್ ಮುಂದೆ ಬಂದು ಕೂತರು. ಗಂಡ ಒಳಗೆ ವಾರ್ಡಿನಲ್ಲಿದ್ದರು. ನಾನು ಫಾರ್ಮ್ ಎಳೆದುಕೊಂಡೆ. ಹೆಸರು, ವಯಸ್ಸು, ಆದಾಯ ಬರೆದುಕೊಂಡೆ. ಎಷ್ಟು ಹಣ ಬೇಕಾಗಬಹುದು ಅನ್ನುವ ಸಾಲಿಗೆ ಬಂದಾಗ ಪೆನ್ ಕೆಳಗಿಟ್ಟು, "ನಾನು ನಿಮಗೆ ಏನು ಮಾಡ್ಲಿ ಅಮ್ಮ?" ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. "ಡಾಕ್ಟ್ರು ಏನೋ ಹೇಳಿದ್ರು. ನಂಗೆ ಅರ್ಥ ಆಗ್ಲಿಲ್ಲ. ಎಲ್ರೂ ಧೈರ್ಯ ತಗೋ ಅಂತಾರೆ. ನಿಜ ಏನು ಅಂತ ನಿಧಾನಕ್ಕೆ ಹೇಳ್ತೀರಾ?" ಅಂದರು.

ನಾನು ಡಾಕ್ಟರಿಗೆ ಫೋನ್ ಮಾಡಿ ಬರಹೇಳಿದೆ. ಆಮೇಲೆ ನನ್ನ ಕುರ್ಚಿಯನ್ನು ಟೇಬಲಿನ ಈ ಕಡೆಗೆ ಎಳೆದುಕೊಂಡು, ಅವರ ಪಕ್ಕದಲ್ಲಿ ಕೂತೆ.